ಸೌಂದರ್ಯದ ಚುಚ್ಚುಮದ್ದು ಮತ್ತು ಅಂಗಸೌಷ್ಠವದ ಶಸ್ತ್ರಕ್ರಿಯೆ: ಒಂದು ಆರೋಗ್ಯಪಾಠ



ಶರೀರಶಾಸ್ತ್ರದ ಪಾಠದಲ್ಲಿ ಚರ್ಮ, ಸ್ನಾಯು, ನರ, ರಕ್ತನಾಳ ಇವುಗಳ ಚಿತ್ರಗಳನ್ನು ನೀವೆಲ್ಲರೂ ಬರೆದು, ಹೆಸರುಗಳನ್ನು ಗುರುತಿಸಿ, ಪರೀಕ್ಷೆ ಮುಗಿದ ಮೇಲೆ ಮರೆತಿರಬಹುದು. ಆ ಪಾಠವು ಈಗ ಮತ್ತೊಮ್ಮೆ ಬೇಕಾಗಿದೆ. ಯಾಕಂದರೆ, ಹಣೆಯ ಗೆರೆಗಳನ್ನು ಅಳಿಸುವ, ತುಟಿಯನ್ನು ತುಂಬಿಸುವ, ಮೈಬಣ್ಣವನ್ನು ತಿಳಿಗೊಳಿಸುತ್ತೇವೆಂದು ಹೇಳುವ ಚುಚ್ಚುಮದ್ದುಗಳೂ, ಹೊಟ್ಟೆ ಸೊಂಟಗಳ ಕೊಬ್ಬನ್ನು ಹೀರಿ ತೆಗೆಯುವ ಶಸ್ತ್ರಕ್ರಿಯೆಗಳೂ ಇಂದು ಸಾಮಾನ್ಯ ಗೃಹಸ್ಥರ ಹೆಣ್ಣುಮಕ್ಕಳ ಕೈಗೆಟಕುವಷ್ಟು ಹತ್ತಿರ ಬಂದಿವೆ. ಮೊಬೈಲ್ ಫೋನಿನ ಪರದೆಯ ಮೇಲೆ ಅವುಗಳ ಜಾಹೀರಾತು ಹಗಲಿರುಳೂ ಕಾಣುತ್ತದೆ. ಮದುವೆಗೆ ನಿಂತ ಕನ್ಯೆಗೂ, ಮಕ್ಕಳನ್ನು ಹೆತ್ತು ಮೈ ಸಡಿಲವಾದ ತಾಯಿಗೂ ಅದು ಒಂದೇ ಮಾತನ್ನು ಹೇಳುತ್ತದೆ: ಕೆಲಸ ಅರ್ಧ ಗಂಟೆಯದು, ನೋವಿಲ್ಲ, ಯಾರಿಗೂ ತಿಳಿಯದು.

ಇಂಥ ಚಿಕಿತ್ಸೆಯನ್ನು ಮಾಡಿಸಿಕೊಂಡವರನ್ನು ನಿಂದಿಸುವದಾಗಲಿ, ಮಾಡಿಸಿಕೊಳ್ಳಿರೆಂದು ಪ್ರೇರಿಸುವದಾಗಲಿ ಈ ಲೇಖನದ ಉದ್ದೇಶವಲ್ಲ. ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರಿಕೆಯಲ್ಲಿ ಮನುಷ್ಯನ ದೇಹವನ್ನು ದೇವಾಲಯಕ್ಕೆ ಹೋಲಿಸಿದ್ದಾನೆ. ದೇವಾಲಯದ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ನಾವು ನಾಲ್ವರನ್ನು ಕೇಳಿ, ನುರಿತ ಕೆಲಸಗಾರನನ್ನು ಹುಡುಕುತ್ತೇವಲ್ಲವೆ? ದೇಹದ ವಿಷಯದಲ್ಲಿ ಅಷ್ಟಾದರೂ ವಿಚಾರ ಬೇಡವೆ? ಚುಚ್ಚುಮದ್ದಿನಲ್ಲಿಯೂ ಕತ್ತಿಯಲ್ಲಿಯೂ ಇರುವ ಅಪಾಯವನ್ನು ಹಲವು ಪಟ್ಟು ಹೆಚ್ಚಿಸತಕ್ಕವುಗಳು ಎರಡು. ಒಂದು ಆತುರ, ಇನ್ನೊಂದು ಗುಟ್ಟು. ಈ ಪಾಠದ ಸಾರವೆಲ್ಲ ಇಷ್ಟೇ. ಮುಂದೆ ಬರುವ ವಿವರಗಳು ಇದಕ್ಕೆ ಆಧಾರಗಳು.

೧. ಪೂರ್ವವೃತ್ತಾಂತ

ಅಂಗಗಳನ್ನು ತಿದ್ದುವ ಶಸ್ತ್ರವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ಕತ್ತರಿಸಿಹೋದ ಮೂಗನ್ನು ಚರ್ಮದಿಂದ ಪುನಃ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆಯು ವಿವರಿಸಿದೆ. ಟೀಪು ಸುಲ್ತಾನನಿಗೂ ಇಂಗ್ಲಿಷರಿಗೂ ೧೭೯೨ರಲ್ಲಿ ನಡೆದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬವನು ಸೆರೆಸಿಕ್ಕಿ ಮೂಗನ್ನು ಕಳಕೊಂಡನು. ಪುಣೆಯ ಬಳಿಯಲ್ಲಿ ಒಬ್ಬ ದೇಶೀಯ ಕುಶಲನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದನು. ಈ ವೃತ್ತಾಂತವು ೧೭೯೪ರ ಅಕ್ಟೋಬರ್ ತಿಂಗಳಲ್ಲಿ ಲಂಡನಿನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಅಲ್ಲಿನ ಶಸ್ತ್ರವೈದ್ಯನು ಈ ಕ್ರಮವನ್ನು ಮೊದಲು ಮೃತದೇಹಗಳ ಮೇಲೆ ಅಭ್ಯಾಸಮಾಡಿ, ೧೮೧೪ರಲ್ಲಿ ಬದುಕಿರುವವನೊಬ್ಬನ ಮೇಲೆ ಪ್ರಯೋಗಿಸಿದನು. ಸುದ್ದಿಯು ಅಚ್ಚಾದದ್ದಕ್ಕೂ ಅವನು ಕತ್ತಿ ಹಿಡಿದದ್ದಕ್ಕೂ ನಡುವೆ ಇಪ್ಪತ್ತು ವರ್ಷಗಳು ಕಳೆದಿದ್ದವು. ಒಳ್ಳೆಯ ವೈದ್ಯನ ತಾಳ್ಮೆಯ ಅಳತೆ ಅದು.

ತಾಳ್ಮೆಯಿಲ್ಲದೆ ನಡೆದ ಕೆಲಸಗಳ ಚರಿತ್ರೆಯೂ ಉಂಟು. ವಿಯೆನ್ನ ಪಟ್ಟಣದ ರಾಬರ್ಟ್ ಗೆರ್ಸುನಿಯು ೧೮೯೯ರಲ್ಲಿ ಪ್ಯಾರಫಿನ್ ಜಾತಿಯ ಜಿಡ್ಡನ್ನು ಚರ್ಮದ ಕೆಳಗೆ ಚುಚ್ಚಿ ಅಂಗದ ಕೊರತೆಯನ್ನು ತುಂಬುವ ಉಪಾಯವನ್ನು ಹೊರಡಿಸಿದನು. ಅದು ಸುಲಭವೆಂದು ಎಲ್ಲೆಡೆಯೂ ಹಬ್ಬಿತು. ತರುವಾಯ ಆ ಮೇಣವು ಸ್ಥಳದಿಂದ ಸ್ಥಳಕ್ಕೆ ಜಾರುತ್ತದೆ, ಗಡ್ಡೆಗಟ್ಟುತ್ತದೆ, ಹುಣ್ಣಾಗುತ್ತದೆ ಎಂಬದು ಬೆಳಕಿಗೆ ಬಂತು. ಮುಂದೆ ಮಾರ್ಲ್‌ಬರೋದ ಡಚೆಸ್ ಆದ ಗ್ಲಾಡಿಸ್ ಡೀಕನ್ ತನ್ನ ಕಾಲದ ಪ್ರಸಿದ್ಧ ಸುಂದರಿ. ಆಕೆ ಯೌವನದಲ್ಲಿ ಮೂಗನ್ನು ನೇರವಾಗಿಸಲು ಮೇಣವನ್ನು ಚುಚ್ಚಿಸಿಕೊಂಡಳು. ಅದು ಗಲ್ಲದ ತನಕ ಇಳಿದು ಆ ಮುಖವನ್ನೇ ಕೆಡಿಸಿತು. ಪ್ಯಾರಿಸಿನಲ್ಲಿ ೧೯೨೦ರ ದಶಕದಲ್ಲಿ ಡುಜಾರಿಯೆ ಎಂಬ ಶಸ್ತ್ರವೈದ್ಯನು ಒಬ್ಬ ನರ್ತಕಿಯ ಕಾಲನ್ನು ತೆಳುವಾಗಿಸಲು ಕೊಬ್ಬನ್ನು ಕೆರೆದು ತೆಗೆಯಲಾಗಿ, ಮಾಂಸವು ಕೊಳೆತು, ಆ ಕಾಲನ್ನೇ ಕತ್ತರಿಸಬೇಕಾಯಿತು. ಇವರಿಬ್ಬರಿಗೂ ರೋಗವಿರಲಿಲ್ಲ, ಆರೋಗ್ಯವಂತರೇ ಚಿಕಿತ್ಸೆಗೆ ಹೋಗಿದ್ದರು. ರೋಗಿಯು ಅಪಾಯಕ್ಕೆ ಒಡ್ಡಿಕೊಳ್ಳುವದು ದೊಡ್ಡ ಅಪಾಯವನ್ನು ತಪ್ಪಿಸಿಕೊಳ್ಳುವದಕ್ಕಾಗಿ. ಆರೋಗ್ಯವಂತಳಿಗೆ ಅಂಥ ನಿರ್ಬಂಧವಿಲ್ಲ. ಆದಕಾರಣ ಆಕೆ ರೋಗಿಗಿಂತಲೂ ಹೆಚ್ಚಾಗಿ ವಿಚಾರಿಸತಕ್ಕದ್ದು.

೨. ಚುಚ್ಚುಮದ್ದುಗಳ ಗುಣ

ಇವುಗಳಲ್ಲಿ ಮುಖ್ಯವಾದವು ಎರಡು ಬಗೆ. ಮೊದಲನೆಯದು ಬೊಟುಲಿನಮ್ ಎಂಬ ವಿಷ. ಜನರು ಒಂದು ಮಾರಾಟದ ಹೆಸರನ್ನು ಹಿಡಿದು ಇದನ್ನು ಬೊಟಾಕ್ಸ್ ಎನ್ನುತ್ತಾರೆ. ಕೆಟ್ಟ ಮಾಂಸದ ಸಾಸೇಜನ್ನು ತಿಂದವರು ರೆಪ್ಪೆ ಜೋತು, ನುಂಗಲಾರದೆ, ಕೊನೆಗೆ ಉಸಿರು ಕಟ್ಟಿ ಸಾಯುವದನ್ನು ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯಲ್ಲಿ ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ ೧೮೨೦ ಮತ್ತು ೧೮೨೨ರಲ್ಲಿ ವರ್ಣಿಸಿ ಬರೆದನು. (೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಹೆರ್ಮಾನ್ ಮೋಗ್ಲಿಂಗ್ ಪಾದ್ರಿಯವರು ಹುಟ್ಟಿದ್ದೂ ಅದೇ ಸೀಮೆಯಲ್ಲಿ.) ಈ ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಯನ್ನು ಬೆಲ್ಜಿಯಮಿನ ವಾನ್ ಎರ್ಮೆಂಗೆಮ್ ೧೮೯೫ರಲ್ಲಿ ನಡೆದ ಒಂದು ವಿಷಪ್ರಸಂಗದ ತರುವಾಯ ಕಂಡುಹಿಡಿದನು. ಇದು ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಮುಟ್ಟದಂತೆ ತಡೆಯುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಸ್ನಾಯುವಿಗೆ ಮಾತ್ರ ಚುಚ್ಚಿದರೆ ಅದೇ ವಿಷವು ಮದ್ದಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಅಲನ್ ಸ್ಕಾಟ್ ಎಂಬ ನೇತ್ರವೈದ್ಯನ ಶ್ರಮದಿಂದ ೧೯೮೯ರಲ್ಲಿ ಅಮೆರಿಕದ ಔಷಧ ಇಲಾಖೆಯು ಇದನ್ನು ಮೆಳ್ಳೆಗಣ್ಣಿಗೂ ರೆಪ್ಪೆಯ ಸೆಳೆತಕ್ಕೂ ಅನುಮತಿಸಿತು. ಹುಬ್ಬುಗಳ ನಡುವಣ ಗೆರೆಗಳಿಗೆ ಅನುಮತಿ ಬಂದದ್ದು ೨೦೦೨ರಲ್ಲಿ. ಇದರ ಗುಣವು ಕೆಲವು ದಿನಗಳಲ್ಲಿ ತೋರಿ, ಸುಮಾರು ಎರಡು ವಾರಗಳಲ್ಲಿ ಪೂರ್ಣವಾಗಿ, ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಸ್ಥಳ ತಪ್ಪಿದರೆ ರೆಪ್ಪೆ ಜೋಲಬಹುದು. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ, ನರಸ್ನಾಯುಗಳ ರೋಗವಿರುವವರೂ ಇದರಿಂದ ದೂರವಿರತಕ್ಕದ್ದು. ೨೦೨೪ರಲ್ಲಿ ಅಮೆರಿಕದಲ್ಲಿ ನಕಲಿ ಮದ್ದನ್ನು ಚುಚ್ಚಿಸಿಕೊಂಡ ಹಲವು ಮಂದಿ ಆಸ್ಪತ್ರೆ ಸೇರಿದರು. ಚುಚ್ಚಿಸಿಕೊಂಡ ಮೇಲೆ ಮಾತು ತೊದಲಿದರೆ, ನುಂಗುವದು ಅಥವಾ ಉಸಿರಾಡುವದು ಕಷ್ಟವಾದರೆ, ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಎರಡನೆಯ ಬಗೆಗೆ ಫಿಲ್ಲರ್ ಎಂದು ಹೆಸರು. ತುಟಿ, ಕೆನ್ನೆ, ಗಲ್ಲ, ಮೂಗು ಇವುಗಳ ತಗ್ಗನ್ನು ತುಂಬುವ ಲೋಳೆಯಂಥ ವಸ್ತುವಿದು. ಹೆಚ್ಚಾಗಿ ಬಳಸುವದು ಹಯಲುರಾನಿಕ್ ಆಮ್ಲ. ೧೯೩೪ರಲ್ಲಿ ಕಾರ್ಲ್ ಮೇಯರ್ ಇದನ್ನು ದನದ ಕಣ್ಣಿನೊಳಗಿಂದ ಬೇರ್ಪಡಿಸಿದನು. ನಮ್ಮ ಚರ್ಮದಲ್ಲಿಯೂ ಇರುವ ಪದಾರ್ಥವಾದ್ದರಿಂದ ಇದು ನಿರಪಾಯವೆಂದು ಜಾಹೀರಾತುಗಳು ಹೇಳುತ್ತವೆ. ಇಲ್ಲಿ ನೀವು ಬರೆದ ರಕ್ತನಾಳಗಳ ಚಿತ್ರವನ್ನು ಜ್ಞಾಪಿಸಿಕೊಳ್ಳಿರಿ. ಹಣೆ, ಹುಬ್ಬುಗಳ ನಡುಭಾಗ, ಮೂಗು ಈ ಎಡೆಗಳ ಶುದ್ಧರಕ್ತನಾಳಗಳು ಕಣ್ಣಿಗೆ ಹೋಗುವ ನಾಳದೊಡನೆ ಕೂಡಿಕೊಂಡಿವೆ. ಸೂಜಿಯ ಮೊನೆಯು ನಾಳದೊಳಗೆ ಹೊಕ್ಕು ಮದ್ದು ಅದರಲ್ಲಿ ಸೇರಿದರೆ, ಅದು ಹಿಮ್ಮುಖವಾಗಿ ತಳ್ಳಲ್ಪಟ್ಟು ಕಣ್ಣಿನ ನಾಳವನ್ನು ಮುಚ್ಚಿಬಿಡಬಹುದು. ಹೀಗಾಗುವದು ಬಹಳ ಅಪರೂಪ. ಆದರೆ ಹೀಗೆ ಹೋದ ದೃಷ್ಟಿಯು ಹಿಂದಕ್ಕೆ ಬರುವದು ಅದಕ್ಕಿಂತಲೂ ಅಪರೂಪ. ಚರ್ಮದ ನಾಳವು ಮುಚ್ಚಿದರೆ ಆ ಭಾಗವು ಸತ್ತು ಕಲೆಯಾಗುತ್ತದೆ. ಚುಚ್ಚುವಾಗಲೇ ತೀಕ್ಷ್ಣವಾದ ನೋವು, ಚರ್ಮವು ಬಿಳಿಚಿಕೊಳ್ಳುವದು, ಬಳಿಕ ಬಲೆಯಂತೆ ನೀಲಿಗಟ್ಟುವದು, ಕಣ್ಣು ಮಂಜಾಗುವದು, ಇವು ಅದರ ಲಕ್ಷಣಗಳು. ಹಯಲುರಾನಿಡೇಸ್ ಎಂಬ ಮದ್ದು ಈ ಲೋಳೆಯನ್ನು ಕರಗಿಸುತ್ತದೆ. ಅದು ಆ ಕೋಣೆಯ ಕಪಾಟಿನಲ್ಲಿಯೇ ಇರಬೇಕು, ಅದನ್ನು ಬಳಸಬಲ್ಲವರೂ ಅಲ್ಲಿಯೇ ಇರಬೇಕು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವೇನು?

ದ್ರವರೂಪದ ಸಿಲಿಕೋನನ್ನು ಮೈಯ ಆಕಾರಕ್ಕಾಗಿ ಚುಚ್ಚಿಸಿಕೊಳ್ಳಲೇಬಾರದು. ಅದನ್ನು ಕರಗಿಸುವ ಮದ್ದಿಲ್ಲ. ಅದು ರಕ್ತದೊಡನೆ ಶ್ವಾಸಕೋಶಕ್ಕೂ ಮಿದುಳಿಗೂ ಹೋಗಿ ಪ್ರಾಣ ತೆಗೆಯಬಲ್ಲದೆಂದು ಅಮೆರಿಕದ ಔಷಧ ಇಲಾಖೆಯು ೨೦೧೭ರಲ್ಲಿ ಎಚ್ಚರಿಸಿದೆ. ಮೈಬಣ್ಣವನ್ನು ಬಿಳುಪಾಗಿಸುವದೆಂದು ಹೇಳಿ ನರಕ್ಕೆ ಕೊಡುವ ಗ್ಲುಟಾಥಯೋನ್ ಮೊದಲಾದ ಚುಚ್ಚುಮದ್ದುಗಳ ವಿಷಯದಲ್ಲಿಯೂ ಅದೇ ಇಲಾಖೆಯು ೨೦೧೫ರಲ್ಲಿ ಎಚ್ಚರಿಕೆ ಕೊಟ್ಟಿತು. ಫಿಲಿಪೈನ್ಸ್ ದೇಶದ ಔಷಧ ಇಲಾಖೆಯೂ ಹಾಗೆಯೇ ಸಾರಿದೆ. ಕಪ್ಪು ಬಣ್ಣವು ರೋಗವಲ್ಲ. ರೋಗವಲ್ಲದ್ದಕ್ಕೆ ಮೂತ್ರಪಿಂಡವನ್ನೂ ಪಿತ್ತಜನಕಾಂಗವನ್ನೂ ಪಣಕ್ಕಿಡುವ ವಧುವಿಗಿಂತ, ಅದನ್ನು ಬಯಸುವ ವರನ ಕಡೆಯವರೇ ಹೆಚ್ಚಾಗಿ ಪಾಠ ಕಲಿಯಬೇಕಾಗಿದೆ.

೩. ಕೊಬ್ಬನ್ನು ತೆಗೆಯುವ ಚಿಕಿತ್ಸೆಗಳು

ಲೈಪೋಸಕ್ಷನ್ ಎಂಬದು ಚರ್ಮದ ಕೆಳಗಣ ಕೊಬ್ಬನ್ನು ಕೊಳವೆಯಿಂದ ಹೀರುವ ಶಸ್ತ್ರಕ್ರಿಯೆ. ಪ್ಯಾರಿಸಿನ ಇಲ್ಲೂಸ್ ಎಂಬ ವೈದ್ಯನು ೧೯೭೦ರ ದಶಕದ ಕೊನೆಯಲ್ಲಿ ಇದನ್ನು ರೂಢಿಗೆ ತಂದನು. ಜೆಫ್ರಿ ಕ್ಲೈನ್ ಎಂಬ ಅಮೆರಿಕದ ಚರ್ಮವೈದ್ಯನು ೧೯೮೫ರಲ್ಲಿ ಉಪ್ಪುನೀರು, ಮರಗಟ್ಟಿಸುವ ಮದ್ದು, ರಕ್ತಸ್ರಾವವನ್ನು ತಡೆಯುವ ಮದ್ದು ಇವುಗಳನ್ನು ಬೆರಸಿ ಮೊದಲೇ ತುಂಬಿಸುವ ಕ್ರಮವನ್ನು ಸೇರಿಸಿದ್ದರಿಂದ ರಕ್ತನಷ್ಟವು ಬಹಳ ಕಡಿಮೆಯಾಯಿತು.

ಇದರ ಬಗ್ಗೆ ಜನರಲ್ಲಿರುವ ದೊಡ್ಡ ತಪ್ಪುಕಲ್ಪನೆಯೆಂದರೆ, ಇದು ತೂಕ ಇಳಿಸುವ ಉಪಾಯವೆಂಬದು. ಹಾಗಲ್ಲ. ಆಹಾರಕ್ಕೂ ವ್ಯಾಯಾಮಕ್ಕೂ ಬಗ್ಗದೆ ಒಂದೆರಡು ಎಡೆಗಳಲ್ಲಿ ನಿಂತ ಕೊಬ್ಬನ್ನು ಮಾತ್ರ ತೆಗೆಯುವದಕ್ಕೆ ಇದು ತಕ್ಕದ್ದು. ಕರುಳುಗಳ ಸುತ್ತಲಿರುವ ಕೊಬ್ಬಿಗೆ ಆ ಕೊಳವೆಯು ಮುಟ್ಟುವದಿಲ್ಲ. ಸಿಹಿಮೂತ್ರ, ರಕ್ತದ ಒತ್ತಡ ಇವುಗಳೊಡನೆ ಹೆಚ್ಚಿನ ನಂಟುಳ್ಳದ್ದು ಆ ಒಳಗಣ ಕೊಬ್ಬೇ. ಚಿಕಿತ್ಸೆಯ ಬಳಿಕ ತೂಕ ಏರಿದರೆ ಉಳಿದ ಕೊಬ್ಬಿನ ಕಣಗಳು ಹಿಗ್ಗುತ್ತವೆ. ಒಂದೇ ಸಲಕ್ಕೆ ೫ ಲೀಟರಿಗಿಂತ ಹೆಚ್ಚು ತೆಗೆಯುವದನ್ನು ವೈದ್ಯರು ದೊಡ್ಡ ಶಸ್ತ್ರಕ್ರಿಯೆಯೆಂದೇ ಎಣಿಸಿ, ರಾತ್ರಿ ಆಸ್ಪತ್ರೆಯಲ್ಲಿಯೇ ನಿಗಾ ಇಡುತ್ತಾರೆ. ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರುವದು, ಕೊಬ್ಬಿನ ತುಣುಕು ರಕ್ತದಲ್ಲಿ ಸೇರುವದು, ಮರಗಟ್ಟಿಸುವ ಮದ್ದು ಮಿತಿಮೀರುವದು, ಕೊಳವೆಯು ಕರುಳಿಗೆ ತಗಲುವದು, ದ್ರವವು ಹೆಚ್ಚಾಗಿ ಶ್ವಾಸಕೋಶದಲ್ಲಿ ನಿಲ್ಲುವದು, ಇವು ಇದರ ಗಂಡಾಂತರಗಳು.

ಒಂದೆಡೆಯಿಂದ ತೆಗೆದ ಕೊಬ್ಬನ್ನು ಪೃಷ್ಠಭಾಗಕ್ಕೆ ಚುಚ್ಚುವ ಶಸ್ತ್ರಕ್ರಿಯೆಯೂ ಪರದೇಶಗಳಲ್ಲಿ ಬಹಳ ಹಬ್ಬಿತು. ಕೊಬ್ಬು ಸ್ನಾಯುವಿನೊಳಗಣ ದೊಡ್ಡ ನಾಳಗಳಿಗೆ ಹೊಕ್ಕು ಮರಣಗಳಾದವು. ೨೦೧೮ರಲ್ಲಿ ಹಲವು ಪ್ಲಾಸ್ಟಿಕ್ ಶಸ್ತ್ರವೈದ್ಯ ಸಂಘಗಳು ಕೂಡಿ ಹೊರಡಿಸಿದ ಎಚ್ಚರಿಕೆಯಲ್ಲಿ ಮರಣದ ಪ್ರಮಾಣವು ೩೦೦೦ಕ್ಕೆ ೧ರಷ್ಟು ಇದ್ದೀತೆಂದು ಹೇಳಿದವು. ಕತ್ತಿಯಿಲ್ಲದೆ ಕೊಬ್ಬನ್ನು ತಣ್ಣಗಾಗಿಸಿ ಕರಗಿಸುವ ಯಂತ್ರವೂ ಉಂಟು. ಅದು ಕೆಲವರಲ್ಲಿ ಕೊಬ್ಬನ್ನು ಕರಗಿಸುವ ಬದಲಾಗಿ ಗಟ್ಟಿಯಾಗಿ ಬೆಳೆಯಿಸಿತು. ಲಿಂಡಾ ಇವ್ಯಾಂಜೆಲಿಸ್ಟಾ ಎಂಬ ಪ್ರಸಿದ್ಧ ರೂಪದರ್ಶಿಯು ತನಗೆ ಹೀಗಾಯಿತೆಂದು ೨೦೨೧ರಲ್ಲಿ ಬಹಿರಂಗವಾಗಿ ತಿಳಿಸಿದಳು. ಕತ್ತಿಯಿಲ್ಲವೆಂದ ಮಾತ್ರಕ್ಕೆ ಕೇಡಿಲ್ಲವೆಂದು ತಿಳಿಯಬಾರದು.

೪. ಯಾರ ಕೈಯಲ್ಲಿ? ಎಲ್ಲಿ?

ಒಂದೇ ಮದ್ದು ಒಬ್ಬರ ಕೈಯಲ್ಲಿ ಗುಣವಾಗಿ, ಇನ್ನೊಬ್ಬರ ಕೈಯಲ್ಲಿ ಕೇಡಾಗುತ್ತದೆ. ಚರ್ಮವೈದ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಉನ್ನತ ಪದವಿ ಪಡೆದವರು ಈ ಕೆಲಸಕ್ಕಾಗಿ ವರ್ಷಗಟ್ಟಲೆ ತರಬೇತಾದವರು; ಕೊಬ್ಬು ತೆಗೆಯುವ ದೊಡ್ಡ ಶಸ್ತ್ರಕ್ರಿಯೆಗೆ ಪ್ಲಾಸ್ಟಿಕ್ ಶಸ್ತ್ರವೈದ್ಯರೇ ತಕ್ಕವರು. ೨೦೨೨ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು ಕೂದಲು ನಾಟುವದೇ ಮೊದಲಾದ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಹೇಳುತ್ತಾ, ಕಾರ್ಯಾಗಾರದಲ್ಲಿಯೋ ಯೂಟ್ಯೂಬಿನಲ್ಲಿಯೋ ನೋಡಿ ಕಲಿತದ್ದು ತರಬೇತಿಯಾಗದೆಂದು ಸ್ಪಷ್ಟಪಡಿಸಿತು. ವೈದ್ಯರಿಗೇ ಈ ಮಾತು ಅನ್ವಯಿಸುವಲ್ಲಿ, ಬ್ಯೂಟಿ ಪಾರ್ಲರಿನ ಕುರ್ಚಿಯ ಮೇಲೆ ಕೂತು ಸೂಜಿಗೆ ಮುಖವೊಡ್ಡುವದನ್ನು ಏನೆನ್ನೋಣ?

ವೈದ್ಯರ ಹೆಸರು ರಾಜ್ಯದ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ಉಂಟೋ ಎಂದು ನೋಡಬಹುದು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿ ಮಾಡಿಸಿ, ಆ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು. ಬಾಗಿಲು ದಾಟಿದೊಡನೆ ಗೋಡೆಯನ್ನು ನೋಡಿರಿ. ಮದ್ದಿನ ಸೀಸೆಯನ್ನು ನಿಮ್ಮ ಎದುರಿನಲ್ಲಿಯೇ ತೆರೆಯಲಿ. ಅದರ ಹೆಸರು, ತಯಾರಿಕೆಯ ಸಂಖ್ಯೆ, ಅವಧಿ ಮುಗಿಯುವ ದಿನ ಇವುಗಳನ್ನು ಬರೆದುಕೊಳ್ಳಿರಿ. ಸೂಜಿಯು ಹೊಸದಾಗಿರಲಿ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಒಂದು ಸ್ಥಳದಲ್ಲಿ ರಕ್ತದ ಅಂಶವನ್ನು ಮುಖಕ್ಕೆ ಸೂಜಿಯಿಂದ ಸೇರಿಸಿಕೊಂಡ ಸ್ತ್ರೀಯರಿಗೆ ಎಚ್.ಐ.ವಿ. ಸೋಂಕು ತಗಲಿತೆಂದು ೨೦೨೪ರಲ್ಲಿ ಅಲ್ಲಿನ ಸರಕಾರದ ರೋಗನಿಯಂತ್ರಣ ಕೇಂದ್ರವು ಪ್ರಕಟಿಸಿದೆ.

೫. ಕಾಲವನ್ನು ಗೊತ್ತುಮಾಡುವದು

ಮದುವೆಯ ಪ್ರಕಟಣೆಯನ್ನು ದೇವಾಲಯದಲ್ಲಿ ಮೂರು ಆದಿತ್ಯವಾರ ಓದುವಷ್ಟರೊಳಗೆ ಮುಗಿಸಿಬಿಡತಕ್ಕ ಕೆಲಸ ಇದಲ್ಲ. ಫಿಲ್ಲರಿನ ಬಾವೂ ನೀಲಿಯೂ ಇಳಿಯಲು ಎರಡು ವಾರ ಬೇಕಾಗಬಹುದು. ಲೈಪೋಸಕ್ಷನ್ ಆದ ಮೇಲೆ ಹಲವು ವಾರ ಬಿಗಿಯಾದ ಉಡುಪನ್ನು ತೊಡಬೇಕು. ಬಾವು ಪೂರಾ ಇಳಿದು ನಿಜವಾದ ಆಕಾರವು ಕಾಣುವದಕ್ಕೆ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಇನ್ನೊಂದು ಮಗುವನ್ನು ಬಯಸುವ ತಾಯಿಯು ಹೊಟ್ಟೆಯ ಶಸ್ತ್ರಕ್ರಿಯೆಯನ್ನು ಆ ಹೆರಿಗೆಯಾಗುವ ತನಕ ಮುಂದಕ್ಕೆ ಹಾಕುವದು ಒಳ್ಳೆಯದು.

ಮುಂಚಿತವಾಗಿ ವೈದ್ಯರಿಗೆ ಹೇಳಬೇಕಾದ ಸಂಗತಿಗಳಿವೆ: ರಕ್ತಹೀನತೆ, ಅಲರ್ಜಿ, ಆಸ್ತಮಾ, ಮನೆತನದಲ್ಲಿ ರಕ್ತ ಹೆಪ್ಪುಗಟ್ಟಿದ ಸಂಗತಿ, ಆಸ್ಪಿರಿನ್ ಮೊದಲಾದ ಮಾತ್ರೆಗಳು, ಗರ್ಭನಿರೋಧಕ ಗುಳಿಗೆಗಳು, ನಾಟಿಮದ್ದು, ಧೂಮಪಾನ. ತೂಕ ಇಳಿಸುವದಕ್ಕೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಮದ್ದುಗಳು ಹೊಟ್ಟೆಯೊಳಗಣ ಆಹಾರವು ನಿಧಾನವಾಗಿ ಇಳಿಯುವಂತೆ ಮಾಡುವದರಿಂದ, ಪ್ರಜ್ಞೆ ತಪ್ಪಿಸಿದಾಗ ಅದು ಶ್ವಾಸನಾಳಕ್ಕೆ ಹೋಗುವ ಭಯವುಂಟು. ಅರಿವಳಿಕೆ ಕೊಡುವ ವೈದ್ಯರಿಗೆ ಅದನ್ನು ಮರೆಮಾಡಲೇ ಕೂಡದು. ಯಾವ ಮಾತ್ರೆಯನ್ನೂ ವೈದ್ಯರ ಮಾತಿಲ್ಲದೆ ನಾವಾಗಿ ನಿಲ್ಲಿಸಬಾರದು.

೬. ಗುಟ್ಟಿನ ವಿಷಯ

ತಂದೆತಾಯಿಗಳೇ, ಈ ಭಾಗವು ವಿಶೇಷವಾಗಿ ನಿಮಗಾಗಿ ಬರೆದದ್ದು. ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ತರುವಾಯ ಮೃತಳಾದಳು. ವಯಸ್ಸು ೨೧. ತಂದೆತಾಯಿಗಳಿಗೆ ಮುಂಚಿತವಾಗಿ ತಿಳಿಸದೆ ಆಸ್ಪತ್ರೆ ಸೇರಿದ್ದಳೆಂದು ಆಗಿನ ವೃತ್ತಪತ್ರಿಕೆಗಳು ವರದಿಮಾಡಿದವು. ಆ ಮಗಳನ್ನು ಇಲ್ಲಿ ದೂರುವದು ಸಲ್ಲದು. ಬಾಯಿ ತೆರೆದರೆ ಬೈಗಳು ಬಂದೀತೆಂಬ ಅಂಜಿಕೆಯಿಂದ ಎಷ್ಟು ಮನೆಗಳಲ್ಲಿ ಮಕ್ಕಳು ಸುಮ್ಮನಿದ್ದಾರೆಂಬದನ್ನು ಮಾತ್ರ ನಾವು ಯೋಚಿಸಬೇಕು. ಕೊಠಡಿಯಲ್ಲಿ ಪಾಠ ಹೇಳುವವರಿಗೆ ಒಂದು ಮಾತು ತಿಳಿದಿದೆ: ಪ್ರಶ್ನೆಗೆ ಗದರಿದರೆ ಪ್ರಶ್ನೆ ನಿಲ್ಲುವದಿಲ್ಲ, ಬೇರೆ ಬಾಗಿಲಿಗೆ ಹೋಗುತ್ತದೆ. ಮಗಳು, ಅಮ್ಮಾ, ನನ್ನ ಮೂಗು ಚೆನ್ನಾಗಿಲ್ಲವೆ ಎಂದು ಕೇಳಿದರೆ, ನಗದೆ, ಗದರದೆ, ಹತ್ತಿರ ಕೂರಿಸಿಕೊಂಡು ಕೇಳಿರಿ. ಮನೆಗೆ ಬಂದ ನೆಂಟರು ಆಕೆಯ ಬಣ್ಣವನ್ನೂ ತೂಕವನ್ನೂ ಎತ್ತಿ ಆಡಿದರೆ, ಅಲ್ಲಿಯೇ ಮಾತನ್ನು ತಡೆಯಿರಿ.

ಕೆಲವರಿಗೆ ಇಲ್ಲದ ಊನವು ಕನ್ನಡಿಯಲ್ಲಿ ದೊಡ್ಡದಾಗಿ ಕಂಡು, ಗಂಟೆಗಟ್ಟಲೆ ಅದೇ ಚಿಂತೆಯಾಗುತ್ತದೆ. ಇದು ಮನಸ್ಸಿನ ಒಂದು ರೋಗ. ಸೂಜಿಯಿಂದ ಇದು ಗುಣವಾಗದು, ಒಂದು ಮುಗಿದರೆ ಮತ್ತೊಂದು ಊನ ಕಾಣುತ್ತದೆ. ಇಂಥವಳನ್ನು ಮನೋವೈದ್ಯರ ಬಳಿಗೆ ಕರಕೊಂಡು ಹೋಗಬೇಕು. ಹದಿನೆಂಟು ತುಂಬದವರಿಗೆ ಸೌಂದರ್ಯಕ್ಕಾಗಿ ಬೊಟುಲಿನಮನ್ನಾಗಲಿ ಫಿಲ್ಲರನ್ನಾಗಲಿ ಚುಚ್ಚುವದನ್ನು ಇಂಗ್ಲೆಂಡಿನಲ್ಲಿ ೨೦೨೧ರ ಅಕ್ಟೋಬರಿನಿಂದ ಕಾಯಿದೆಯೇ ನಿಷೇಧಿಸಿದೆ. ಬೆಳೆಯುತ್ತಿರುವ ಮುಖಕ್ಕೆ ತಿದ್ದುಪಡಿ ಬೇಡವೆಂಬ ಆ ವಿವೇಕವು ನಮ್ಮ ಮನೆಗಳಲ್ಲಿಯೂ ಇರಲಿ.

೭. ಒಪ್ಪಿಗೆ ಬರೆಯುವ ಮೊದಲು ಕೇಳತಕ್ಕ ಪ್ರಶ್ನೆಗಳು

ರೋಗಿಗೆ ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಬೇರೆ ದಾರಿ ಇವುಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದೂ, ಒಂದು ಕೆಲಸಕ್ಕೆ ಕೊಟ್ಟ ಒಪ್ಪಿಗೆಯು ಇನ್ನೊಂದಕ್ಕೆ ಸಲ್ಲದೆಂದೂ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ತೀರ್ಪು ಕೊಟ್ಟಿದೆ. ಆದದರಿಂದ ಪ್ರಶ್ನೆ ಕೇಳುವದು ಉದ್ಧಟತನವಲ್ಲ, ಹಕ್ಕು. ಈ ಕೆಳಗಿನವುಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಗಿರಿ.

(೧) ಈ ಕೆಲಸವನ್ನು ಮಾಡುವವರು ತಾವೋ, ಬೇರೆಯವರೋ? ಅವರ ಪದವಿ ಯಾವುದು?
(೨) ಚುಚ್ಚುವ ಮದ್ದಿನ ಹೆಸರೇನು? ಅದಕ್ಕೆ ಯಾವ ದೋಷಗಳುಂಟು? ಬೇಡವಾದರೆ ಕರಗಿಸಬಹುದೋ?
(೩) ಅರಿವಳಿಕೆಯ ವೈದ್ಯರು ಆದಿಯಿಂದ ಅಂತ್ಯದ ತನಕ ಪಕ್ಕದಲ್ಲಿರುವರೋ?
(೪) ಗಂಡಾಂತರವಾದರೆ ತುರ್ತುಚಿಕಿತ್ಸೆ ಇಲ್ಲಿಯೇ ದೊರೆಯುವದೋ? ಇಲ್ಲವಾದರೆ ಯಾವ ಆಸ್ಪತ್ರೆಗೆ, ಎಷ್ಟು ನಿಮಿಷದಲ್ಲಿ ಸೇರಿಸುವಿರಿ?
(೫) ಆ ರಾತ್ರಿ ನೋವೋ ಜ್ವರವೋ ಬಂದರೆ ಯಾರನ್ನು ಕರೆಯಬೇಕು?
(೬) ಇದನ್ನು ಮಾಡಿಸದೆ ಇದ್ದರೆ ನನಗೆ ನಷ್ಟವೇನು?

ಆರನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ವೈದ್ಯರು ನಂಬಿಕೆಗೆ ಯೋಗ್ಯರು. ನಿಮಗೆ ಇದು ಬೇಡವೆಂದು ಹೇಳಿ ಹಿಂದಕ್ಕೆ ಕಳುಹಿಸುವವರಂತೂ ನಿಮ್ಮ ಹಿತಚಿಂತಕರೇ ಸರಿ. ಇಂದೇ ಹಣ ಕಟ್ಟಿದರೆ ಬೆಲೆ ಕಡಿಮೆ ಎನ್ನುವಲ್ಲಿಂದ ಎದ್ದು ಬನ್ನಿರಿ. ಮೊದಲ ಭೇಟಿಯ ದಿನವೇ ಒಪ್ಪಿಗೆಗೆ ಸಹಿ ಹಾಕದೆ, ಮನೆಗೆ ಬಂದು, ಕೆಲವು ದಿನ ಯೋಚಿಸಿ, ನಿಮ್ಮನ್ನು ಪ್ರೀತಿಸುವ ಒಬ್ಬರಿಗಾದರೂ ಎಲ್ಲವನ್ನೂ ತಿಳಿಸಿರಿ. ಆ ದಿನ ಅವರು ನಿಮ್ಮ ಜೊತೆಯಲ್ಲಿರಲಿ.

ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪೂರ್ವವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ದಾದಿಯರೂ ವೈದ್ಯರೂ ಉಪಾಧ್ಯಾಯಿನಿಯರೂ ಆಗಿದ್ದೀರಿ. ಅನೇಕರು ಬೆಳೆದ ಹೆಣ್ಣುಮಕ್ಕಳ ತಾಯಂದಿರು. ಮೇಲ್ಕಂಡ ಆರು ಪ್ರಶ್ನೆಗಳನ್ನು ನಿಮ್ಮ ಕೈಯಿಂದಲೇ ನಕಲುಮಾಡಿ, ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿರಿ. ಕೊಡುವಾಗ, ಏನೇ ಇದ್ದರೂ ಮೊದಲು ನನಗೆ ಹೇಳು, ನಾನು ಬೈಯುವದಿಲ್ಲ ಎಂಬ ಒಂದು ಮಾತನ್ನೂ ಸೇರಿಸಿರಿ. ಮತ್ತು ಆ ಮಾತಿಗೆ ತಪ್ಪದೆ ನಡೆಯಿರಿ.